ಬಳ್ಳಿ ಮಿಡಿಯುವಷ್ಟು ಹೊತ್ತು

ಮಾರ್ಚ್ 3, ಭಾನುವಾರ

ಹೊರಗೆ 28. ಹಾಲ್ 26. ಫ್ರಿಜ್ 4.

ಡೈರಿಗೆ ಮೊದಲು ತಾಪಮಾನ ಬರೆಯುವುದು ನನ್ನ ಹಳೇ ಚಾಳಿ. ಫ್ರಿಜ್ ರಿಪೇರಿ ಮಾಡುವವನ ಕೈ ಹಾಗೇ ಓಡುತ್ತದೆ. ಮೊದಲು ಡಿಗ್ರಿ, ಆಮೇಲೆ ಜೀವನ.

ಇವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬಸುರಿಯರಿಗೂ ಅವರ ಗಂಡಂದಿರಿಗೂ ಆಸ್ಪತ್ರೆಯಲ್ಲಿ ಒಂದು ತರಗತಿ ಇತ್ತು. ಗೊಂಬೆಗೆ ಬಟ್ಟೆ ಸುತ್ತುವ ಪಾಠದಲ್ಲಿ ನಾನು ಗೊಂಬೆಯ ಮುಖವನ್ನೂ ಸೇರಿಸಿ ಸುತ್ತಿಬಿಟ್ಟೆ. ಅದು ಹಾಗಿರಲಿ. ಹೊರಗೆ ಬಂದರೆ ವರಾಂಡದಲ್ಲಿ ಮೇಜು ಹಾಕಿಕೊಂಡು ಒಬ್ಬ ಮೇಡಂ ಕೂತಿದ್ದರು. ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಸಾಮಾನ್ಯವಾಗಿ ಎಸೆದುಬಿಡುತ್ತಾರಂತೆ. ಎಸೆಯದೆ ಒಂದು ಚೀಲಕ್ಕೆ ಇಳಿಸಿ ಇವರಿಗೆ ಕಳಿಸಿದರೆ ಹೆಪ್ಪುಗಟ್ಟಿಸಿ ವರ್ಷಾನುಗಟ್ಟಲೆ ಕಾಪಾಡುತ್ತಾರೆ. ಹೊಸ ರಕ್ತ ಹುಟ್ಟಿಸುವ ಕಣಗಳು ಅದರಲ್ಲಿವೆಯಂತೆ. ಮುಂದೆ ಮನೆಯಲ್ಲಿ ಯಾವುದಾದರೂ ಮಗುವಿಗೆ ರಕ್ತದ ಕಾಯಿಲೆ ಬಂದರೆ, ಹೊಂದಿಕೆಯಾದರೆ, ಉಪಯೋಗಕ್ಕೆ ಬರಬಹುದು.

"ಎಷ್ಟು ಡಿಗ್ರಿಯಲ್ಲಿ ಇಡ್ತೀರಿ?" ಅಂದೆ.

"ಮೈನಸ್ ನೂರ ತೊಂಬತ್ತಾರು, ಸರ್."

ನಾನು ಕುರ್ಚಿ ಎಳೆದುಕೊಂಡು ಕೂತೆ. ಹದಿನೆಂಟು ವರ್ಷದ ಅನುಭವದಲ್ಲಿ ನಾನು ಕಂಡ ಅತಿ ತಣ್ಣನೆಯ ಜಾಗವೆಂದರೆ ಒಂದು ಮೀನಿನ ಗೋದಾಮು, ಮೈನಸ್ ನಲವತ್ತು. ಅಲ್ಲಿಂದ ಹೊರಬಂದ ದಿನ ನನ್ನ ಮೀಸೆ ಮುರಿದುಹೋಗುತ್ತದೇನೋ ಅನ್ನಿಸಿತ್ತು. "ಕಂಪ್ರೆಸರ್ ಯಾವುದು?" ಅಂದೆ. ಕಂಪ್ರೆಸರೇ ಇಲ್ಲವಂತೆ, ದ್ರವ ಸಾರಜನಕವಂತೆ. "ಕರೆಂಟ್ ಹೋದ್ರೆ?" ಅಂದೆ. "ಹೋದ್ರೂ ಏನಾಗಲ್ಲ ಸರ್" ಅಂದರು. ಇಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಈವರೆಗೆ ಹೇಳಿರಲಿಲ್ಲ.

ಹೆಂಡತಿ ಡ್ರೈವಿಂಗ್ ಸ್ಕೂಲ್ ನಡೆಸುವವಳು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ರೀ, ಗಾಡಿ ಇನ್ನೂ ಶೋರೂಮಿಂದ ಹೊರಗೇ ಬಂದಿಲ್ಲ, ನೀವಾಗಲೇ ಬಿಡಿಭಾಗ ಜೋಡಿಸಿಡ್ತಿದೀರಲ್ಲ" ಅಂದಳು. ಆದರೂ ಸಹಿ ಹಾಕಿದಳು.

ಅರ್ಜಿಯಲ್ಲಿ ಒಂದು ಸಾಲು ಮಾತ್ರ ಖಾಲಿ ಬಿಟ್ಟೆ. ಕುಟುಂಬದಲ್ಲಿ ಯಾರಿಗಾದರೂ ರಕ್ತದ ಕಾಯಿಲೆ ಇತ್ತೇ ಎಂಬ ಸಾಲು. ಪೆನ್ನು ಬರೆಯುತ್ತಿಲ್ಲ ಎಂದೆ. ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು.

ಮಾರ್ಚ್ 9, ಶನಿವಾರ

ಹೊರಗೆ 29. ಹಾಲ್ 26. ಫ್ರಿಜ್ 4, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಪೆಟ್ಟಿಗೆ ಬಂತು. ಪೆಟ್ಟಿಗೆ ಬಂತು. ವರಾಂಡದ ಮೇಡಂ ಕಳಿಸಿದ್ದು, ರೊಟ್ಟಿ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಒಳಗೆ ದಪ್ಪ ಥರ್ಮಾಕೋಲ್, ಅದರೊಳಗೆ ರಕ್ತದ ಚೀಲ, ಕೊಳವೆ, ಚೀಟಿಗಳು, ತಾಪಮಾನ ದಾಖಲಿಸುವ ಗುಂಡಿಯಷ್ಟು ಪುಟ್ಟ ಯಂತ್ರ. ಹೆರಿಗೆಗೆ ಹೋಗುವಾಗ ಇದನ್ನು ಒಯ್ಯಬೇಕು. ಅಲ್ಲಿಯವರೆಗೆ ಜೋಪಾನ ಮಾಡುವುದು ನಮ್ಮ ಕೆಲಸ.

ಜೋಪಾನ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮನೆಯ ಫ್ರಿಜ್ಜನ್ನು ಮೂರು ಹಾಳಾದ ಫ್ರಿಜ್‌ಗಳ ಒಳ್ಳೊಳ್ಳೆಯ ಭಾಗ ತೆಗೆದು ನಾನೇ ಕಟ್ಟಿದ್ದು. ತರಕಾರಿ, ಹಾಲು, ಮೊಟ್ಟೆ ಎಲ್ಲವನ್ನೂ ಹೊರಹಾಕಿ ನಡುವಿನ ತಟ್ಟೆಯಲ್ಲಿ ಪೆಟ್ಟಿಗೆಯನ್ನು ಕೂರಿಸಿದೆ. ಬಾಗಿಲು ತೆಗೆದು ನೋಡಿದೆ, ಮುಚ್ಚಿದೆ, ಮತ್ತೆ ತೆಗೆದೆ. ಹೆಂಡತಿ ತಣ್ಣೀರು ಕೇಳಿದಳು. ಮಡಕೆ ಕೊಳ್ಳೋಣ ಅಂದೆ.

ಮಾರ್ಚ್ 14, ಗುರುವಾರ

ಹೊರಗೆ 29. ಹಾಲ್ 26. ಫ್ರಿಜ್ 4. ಮುಖ ಮಾತ್ರ ನೂರರ ಮೇಲಿದೆ.

ಹೆಂಡತಿಗೆ ಜೊತೆಯಾಗಿರಲು ಅತ್ತೆ ಬಂದರು. ಅತ್ತೆ ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಯಾವ ಕಾಗದವನ್ನೂ ತಿರುಗಿಸಿ ನೋಡದೆ ಬಿಡುವವರಲ್ಲ. ಹಾಲಿಡಲು ಜಾಗ ಹುಡುಕುತ್ತಾ ಫ್ರಿಜ್ ತೆಗೆದವರು ಐದು ನಿಮಿಷ ಅಲ್ಲೇ ನಿಂತಿದ್ದರು.

"ಅಳಿಯಂದಿರೇ, ಈ ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ಏನೋ ಬರ್ದಿದಾರೆ. ಓದಿದ್ರಾ?"

"ಓದೋದೇನಿದೆ ಅತ್ತೆ. ನನ್ನ ಕಸುಬೇ ಅದು."

"ಹಾಗಾದ್ರೆ ನಾನೇ ಓದ್ತೀನಿ. ಫ್ರಿಜ್‌ನಲ್ಲಿ ಇಡಬಾರದು. ಹದಿನೈದರಿಂದ ಇಪ್ಪತ್ತೈದು ಡಿಗ್ರಿಯೊಳಗೆ ಇಡಬೇಕು." ಕನ್ನಡಕ ತೆಗೆದು ನನ್ನನ್ನು ನೋಡಿದರು. ಟಿಕೆಟ್ ಇಲ್ಲದೆ ಕೊನೆಯ ಸೀಟಿನಲ್ಲಿ ನಿದ್ದೆ ನಟಿಸುವವನನ್ನು ನೋಡುವ ನೋಟ ಅದು.

ಪೆಟ್ಟಿಗೆ ಮೇಡಂಗೆ ಫೋನ್ ಮಾಡಿದೆ. ಚೀಲದೊಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ದ್ರವ ಇದೆಯಂತೆ, ಅದಕ್ಕೆ ಚಳಿ ಆಗಿಬರುವುದಿಲ್ಲವಂತೆ. ರಕ್ತ ತುಂಬಿದ ಮೇಲೂ ಅವರ ಲ್ಯಾಬ್ ಸೇರುವ ತನಕ ಅದು ಬೆಚ್ಚಗೇ ಇರಬೇಕಂತೆ.

"ಸರ್, ನೀವು ಫ್ರಿಜ್ ಮೆಕ್ಯಾನಿಕ್ ಅಂದಿದ್ರಲ್ವಾ?"

"ಹೌದು."

"ಅದಕ್ಕೇ" ಅಂದರು. ಬೇರೆ ಪೆಟ್ಟಿಗೆ ಕಳಿಸುತ್ತಾರೆ. ಆ ಕಡೆ ಇನ್ನೂ ಇಬ್ಬರು ನಗುತ್ತಿದ್ದದ್ದು ಕೇಳಿಸಿತು. ಹೆಂಡತಿ ಸೋಫಾದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು, "ಅಮ್ಮಾ ಸಾಕು, ಇಲ್ಲೇ ಹೆತ್ತುಬಿಡ್ತೀನಿ" ಅಂದಳು. ನನಗೂ ತಡೆಯಲಾಗಲಿಲ್ಲ.

ಮಾರ್ಚ್ 23, ಶನಿವಾರ

ಹೊರಗೆ 30. ಹಾಲ್ 27. ಅಡುಗೆಮನೆ 29. ಬಚ್ಚಲು 25. ಮಂಚದ ಕೆಳಗೆ 26. ಶೂ ಗೂಡು 26. ಅತ್ತೆಯ ಕಪಾಟು 23.

ಎರಡನೇ ಪೆಟ್ಟಿಗೆ ಬಂದು ನಾಲ್ಕು ದಿನವಾಯಿತು. ನಾಲ್ಕು ದಿನದಿಂದ ಥರ್ಮಾಮೀಟರ್ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದೇನೆ. ಹನ್ನೆರಡು ವರ್ಷದಿಂದ ಈ ಮನೆಯಲ್ಲಿದ್ದರೂ ಹಿಂದಿನ ಕೋಣೆಯ ಗೋಡೆ ಕಪಾಟು ಹಗಲೂ ರಾತ್ರಿ ಇಪ್ಪತ್ತಮೂರು ಬಿಟ್ಟು ಕದಲುವುದಿಲ್ಲ ಎಂದು ಗೊತ್ತೇ ಇರಲಿಲ್ಲ. ಅದರಲ್ಲಿ ಅತ್ತೆಯ ಬಟ್ಟೆ ಇತ್ತು. ಈಗ ಪೆಟ್ಟಿಗೆ ಇದೆ. ಬಟ್ಟೆಯೂ ಇದೆ, ಆದರೆ ಬಾಗಿಲು ತೆರೆಯಲು ದಿನಕ್ಕೆ ಎರಡು ಸಲ ಮಾತ್ರ ಅನುಮತಿ ಕೊಟ್ಟಿದ್ದೇನೆ.

"ಪಾಸ್ ಮಾಡಿಸಿಕೊಡಿ ಅಳಿಯಂದಿರೇ" ಅಂದರು ಅತ್ತೆ.

ಏಪ್ರಿಲ್ 2, ಮಂಗಳವಾರ

ಹೊರಗೆ 31. ಕಪಾಟು 23.

ಬೆಳಿಗ್ಗೆ ಬೇಕರಿಯ ಫ್ರೀಜರ್‌ಗೆ ಗ್ಯಾಸ್ ತುಂಬಿದೆ. ಮೀಟರ್ ಏನೇ ಹೇಳಲಿ, ನಾನು ಪೈಪಿನ ಮೇಲೆ ಎರಡು ಬೆರಳಿಟ್ಟೇ ನೋಡುವುದು. ಒಳಗೆ ಹರಿಯುತ್ತಿರುವಾಗ ಸಣ್ಣಗೆ ಅದುರುತ್ತಿರುತ್ತದೆ. ಸಾಕಾದಾಗ ಅದುರುವುದು ನಿಲ್ಲುತ್ತದೆ. ಬೆರಳು ಸುಳ್ಳು ಹೇಳುವುದಿಲ್ಲ. ಬೇಕರಿಯವರು ತಂದೆಯಾಗುವವನಿಗೆಂದು ಒಂದು ಕೇಕ್ ಕೊಟ್ಟರು. ಮನೆ ಸೇರುವಷ್ಟರಲ್ಲಿ ಮುಕ್ಕಾಲು ನನ್ನ ಹೊಟ್ಟೆ ಸೇರಿತ್ತು.

ಮಧ್ಯಾಹ್ನ ಡಾಕ್ಟರಮ್ಮನ ಹತ್ತಿರ ತಪಾಸಣೆ. ಎಲ್ಲಾ ಸರಿ ಇದೆ. ಹೊರಡುವಾಗ ಕೇಳಿದೆ, ಚೀಲ ಕಂಠಮಟ್ಟ ತುಂಬಬೇಕು, ಏನು ಮಾಡಬೇಕು ಎಂದು.

ಅವರು ಪೆನ್ನು ಕೆಳಗಿಟ್ಟರು. "ನೋಡಿ, ನೇರವಾಗಿ ಹೇಳ್ತೀನಿ. ಅದನ್ನ ಉಪಯೋಗಿಸೋ ಸಂದರ್ಭ ಬರೋದು ತುಂಬಾ ಅಪರೂಪ. ಇಡಬೇಡಿ ಅಂತ ಹೇಳ್ತಿಲ್ಲ. ಆದ್ರೆ ಕೆಲವು ಸಲ ಬಳ್ಳೀನ ತಕ್ಷಣ ಕತ್ತರಿಸದೆ ಸ್ವಲ್ಪ ಹೊತ್ತು ಕಾಯ್ತೀವಿ. ಅದರಲ್ಲಿರೋ ರಕ್ತ ಮಗುವಿನ ಮೈಗೇ ಹೋಗ್ಲಿ ಅಂತ. ಆಗ ಚೀಲಕ್ಕೆ ಹೆಚ್ಚೇನೂ ಸಿಗಲ್ಲ."

"ಕಾಯೋದು ಬೇಡ" ಅಂದೆ. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು.

"ದಿನ ತುಂಬಿ, ಮಗು ಗುಂಡುಗುಂಡಾಗಿ ಬಂದ್ರೆ ಆಗ ಮಾತಾಡೋಣ" ಅಂದರು ಡಾಕ್ಟರಮ್ಮ. ಮೇ ಇಪ್ಪತ್ತಕ್ಕೆ ದಿನ ಕೊಟ್ಟಿದ್ದಾರೆ. ಬರುತ್ತದೆ, ಗುಂಡುಗುಂಡಾಗಿಯೇ ಬರುತ್ತದೆ. ಅವರಮ್ಮನ ಕೆನ್ನೆ ನೋಡಿದರೆ ಸಾಕು.

ಏಪ್ರಿಲ್ 9, ಮಂಗಳವಾರ

ಕಪಾಟು 23.

ಪೆಟ್ಟಿಗೆ ಮೇಡಂ ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಹೆಂಡತಿ ಎತ್ತಿಕೊಂಡಳು. ಅರ್ಜಿಯಲ್ಲಿ ಒಂದು ಸಾಲು ಖಾಲಿ ಇದೆ ಎಂದರಂತೆ. ಟವೆಲ್ ಸುತ್ತಿಕೊಂಡು ಹೊರಬಂದರೆ ಅವಳು ಮಂಚದ ಮೇಲೆ ಕೂತು ಕಾಯುತ್ತಿದ್ದಳು. "ಯಾರಿಗಿತ್ತು?" ಅಂದಳು.

ಏಳು ವರ್ಷ ಸಂಸಾರ ಮಾಡಿ ಹೇಳದ್ದನ್ನು ಟವೆಲಿನಲ್ಲಿ ನಿಂತು ಹೇಳಿದೆ. ನನಗೆ ಹನ್ನೊಂದು, ತಂಗಿಗೆ ಆರು. ಅವಳ ಮೈಯಲ್ಲಿ ಹೊಸ ರಕ್ತ ಹುಟ್ಟುವುದು ನಿಂತುಹೋಗಿತ್ತು. ಜ್ವರ ಏರಿದಾಗಲೆಲ್ಲ ಐಸ್ ತರುವುದು ನನ್ನ ಕೆಲಸ. ಮೀನಿನ ಅಂಗಡಿಯಿಂದ ಬಟ್ಟೆಯಲ್ಲಿ ಸುತ್ತಿಕೊಂಡು ಓಡಿ ಬರುತ್ತಿದ್ದೆ. ಎಷ್ಟು ಓಡಿದರೂ ಮನೆ ಮುಟ್ಟುವಾಗ ಅರ್ಧ ಕರಗಿರುತ್ತಿತ್ತು. ಅವಳು ಆ ಬಟ್ಟೆ ಹಿಂಡಿದ ನೀರನ್ನು ನನ್ನ ಮುಖಕ್ಕೇ ಎರಚಿ ನಗುತ್ತಿದ್ದಳು. ಒಂದು ದಿನ ಐಸ್ ತಂದಾಗ ಅದು ಬೇಕಾಗಿರಲಿಲ್ಲ. ಆಮೇಲೆ ನಾನು ಈ ಕಸುಬು ಹಿಡಿದೆ. ಕಾರಣ ಇದೇ ಇರಬಹುದು ಎಂದು ಬರೆಯುವಾಗ ಹೊಳೆಯುತ್ತಿದೆ.

ಆ ದಿನ ವರಾಂಡದಲ್ಲಿ ಮೇಡಂ ವಿವರಿಸುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನಾನು ಅವಳಿಗಿಂತ ಮೊದಲು ಹುಟ್ಟಿದವನು. ನನ್ನ ಬಳ್ಳಿಯನ್ನು ಯಾರೋ ಎಸೆದರು. ಎಸೆಯದೆ ಇಟ್ಟಿದ್ದರೆ ಅವಳಿಗೆ ಆಗುತ್ತಿತ್ತೇನೋ.

ಹೆಂಡತಿ ಎದ್ದು ಇನ್ನೊಂದು ಟವೆಲ್ ತಂದಳು. "ಆಗ ಅದನ್ನ ಇಡೋರು ಯಾರಿದ್ರು ರೀ? ಇಟ್ಟಿದ್ರೂ ಹೊಂದಿಕೆ ಆಗ್ತಿತ್ತು ಅಂತ ಯಾರು ಹೇಳೋರು?" ಅಂದಳು. ಆಮೇಲೆ ನನ್ನ ತಲೆ ಒರೆಸುತ್ತಾ, "ಇಷ್ಟು ದಿನ ಕ್ಲಚ್ ಒತ್ತದೇ ಗೇರ್ ಹಾಕ್ತಿದ್ರಿ. ಅದಕ್ಕೇ ಅಷ್ಟು ಕರಕರ ಸದ್ದು" ಅಂದಳು.

ನನಗೆ ಅಳು ಬಂತು. ಅವಳೂ ಅತ್ತಳು. ಬಾಗಿಲಾಚೆ ಅತ್ತೆಯವರು ಮೂಗು ಸೀಟಿಕೊಂಡದ್ದು ಕೇಳಿಸಿ ಇಬ್ಬರಿಗೂ ನಗು ಬಂತು. ತಪಾಸಣೆ ಇಲ್ಲಿಗೂ ಬಂದಿತ್ತು.

ಮೇಡಂ ಫೋನಿಗೆ ಕಳಿಸಿದ್ದ ಅರ್ಜಿಯ ಖಾಲಿ ಸಾಲಿನಲ್ಲಿ ಬರೆದೆ: ತಂಗಿ.

ಏಪ್ರಿಲ್ 15, ಸೋಮವಾರ

ಹುಟ್ಟಿದಳು. ಹುಟ್ಟಿದಳು. ಹುಟ್ಟಿದಳು.

ಏಪ್ರಿಲ್ 16, ಮಂಗಳವಾರ

ಕಣ್ಣಿಗೆ ನಿದ್ದೆ ಎಳೆಯುತ್ತಿದೆ. ಆದರೂ ಬರೆಯದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ನಿನ್ನೆ ಹನ್ನೊಂದು ಗಂಟೆಗೆ ನಾನು ಒಂದು ಐಸ್ ಕ್ರೀಮ್ ಅಂಗಡಿಯಲ್ಲಿ ಫ್ರೀಜರಿನ ಹಿಂದೆ ಸಿಕ್ಕಿಕೊಂಡಿದ್ದೆ. ಅತ್ತೆಯ ಫೋನ್. "ಅಳಿಯಂದಿರೇ, ಬೇಗ ಬನ್ನಿ. ನಿಮ್ಮ ಪ್ಯಾಸೆಂಜರ್ ನಿಲ್ದಾಣಕ್ಕೆ ಮೊದಲೇ ಇಳಿತೀನಿ ಅಂತಿದೆ." ಐದು ವಾರ ಮೊದಲೇ. ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ಬಿಟ್ಟು ಓಡಿದೆ.

ಮನೆಯಲ್ಲಿದ್ದದ್ದು ಅವಳ ಸ್ಕೂಲಿನ ಕಾರು. ಮುಂದೆ ಹಿಂದೆ ಕೆಂಪು ಎಲ್, ಪಕ್ಕದ ಸೀಟಿಗೂ ಒಂದು ಬ್ರೇಕ್. ನಾನು ಲೈಸೆನ್ಸ್ ತೆಗೆದುಕೊಂಡದ್ದೂ ಇದೇ ಕಾರಿನಲ್ಲಿ, ಇವಳ ಹತ್ತಿರವೇ. ಮೂರು ಸಲ ಫೇಲಾಗಿದ್ದೆ. ಮೂರನೆಯದು ಬೇಕೆಂದೇ. ನಿನ್ನೆ ಅವಳು ಪಕ್ಕದಲ್ಲಿ ಕೂತಳು, ಹಿಂದೆ ಅತ್ತೆ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡರು. ನೋವು ಬಂದಾಗಲೆಲ್ಲ ಅವಳ ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಐದೈದು ನಿಮಿಷಕ್ಕೊಮ್ಮೆ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುವುದು. ಹಿಂದಿನವರು ಹಾರ್ನ್ ಹೊಡೆಯುವುದು, ಎಲ್ ನೋಡಿ ಪಾಪ ಎಂದು ಸುಮ್ಮನಾಗುವುದು.

"ಕಾಲು ತೆಗಿಯೇ" ಅಂದೆ.

"ಕನ್ನಡಿ ನೋಡಿ... ಇಂಡಿಕೇಟರ್ ಹಾಕಿ... ಅಯ್ಯಮ್ಮಾ... ಎರಡನೇ ಗೇರಲ್ಲೇ ಇದೀರಲ್ರೀ" ಅಂದಳು ಅವಳು.

"ನನ್ನನ್ನ ನೋಡ್ಬೇಡಿ, ರಸ್ತೆ ನೋಡಿ" ಅಂದರು ಅತ್ತೆ.

ಆಸ್ಪತ್ರೆಯೊಳಗೆ ಹೋದ ಮೇಲೆ ಎಲ್ಲ ಗಡಿಬಿಡಿಯಲ್ಲಿ ನಡೆಯಿತು. ನನಗೂ ಒಂದು ಹಸಿರು ಅಂಗಿ ಹಾಕಿಸಿ ಅವಳ ತಲೆಯ ಹತ್ತಿರ ನಿಲ್ಲಿಸಿದರು. ನರ್ಸ್ ಪೆಟ್ಟಿಗೆ ತೆರೆದು ಚೀಲ ಸಿದ್ಧಮಾಡಿಟ್ಟರು. ಡಾಕ್ಟರಮ್ಮ ನಮ್ಮಿಬ್ಬರ ಮುಖ ನೋಡಿ ಹೇಳಿದರು. "ಮಗು ಬೇಗ ಬರ್ತಿದೆ, ಚಿಕ್ಕದಿದೆ. ಇಂಥಾ ಮಗುವಿಗೆ ಆ ರಕ್ತ ಈಗಲೇ ಬೇಕಾಗುತ್ತೆ. ಕಾಯೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಚೀಲ ಬಹುಶಃ ತುಂಬಲ್ಲ. ಕಾಯೋದು ಬೇಡ ಅಂದಿದ್ರಿ ನೀವು. ಈಗ ಏನಂತೀರಿ?"

ಹೆಂಡತಿ ನನ್ನ ಕೈ ಹಿಡಿದಿದ್ದಳು. ಅವಳ ಕಾಲು ಯಾವ ಬ್ರೇಕನ್ನೂ ಒತ್ತಲಿಲ್ಲ.

ನನಗೆ ಮೀನಿನ ಅಂಗಡಿಯ ರಸ್ತೆ ಕಂಡಿತು. ಐಸಿನ ಬಟ್ಟೆಯಿಂದ ಮೊಣಕಾಲಿಗೆ ಸುರಿಯುವ ನೀರು ಕಂಡಿತು. ಆ ಚೀಲ ಖಾಲಿ ಹೋದರೆ ಮುಂದೆ ಏನಾದರೂ ಆದಾಗ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಹೆದರಿಕೆಯಾಯಿತು, ತುಂಬಾ ಹೆದರಿಕೆಯಾಯಿತು. "ಅವಳದ್ದು ಅವಳಿಗೇ ಕೊಡಿ" ಅಂದೆ. ಹೆಣ್ಣೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಬಾಯಿಗೆ ಹಾಗೇ ಬಂತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಬಂದಳು. ನನ್ನ ಅಂಗೈಯಷ್ಟು ಬೆನ್ನು. ಬೆಕ್ಕಿನ ಮರಿಯಂತೆ ಸಣ್ಣಗೆ ಕೂಗಿದಳು. ಒರೆಸಿ ಅವಳಮ್ಮನ ಹೊಟ್ಟೆಯ ಮೇಲೆ ಮಲಗಿಸಿದರು. ಬಳ್ಳಿ ಹಾಗೇ ಇತ್ತು, ದಪ್ಪಗೆ, ತಿರುಚಿಕೊಂಡು, ನೀಲಿಯಾಗಿ. "ಕೈಗವಸು ಹಾಕಿದೀರಲ್ಲ, ಮುಟ್ಟಿ ನೋಡಿ" ಅಂದರು ಡಾಕ್ಟರಮ್ಮ.

ಎರಡು ಬೆರಳಿಟ್ಟೆ. ಒಳಗೆ ಹರಿಯುತ್ತಿತ್ತು. ಅದುರುವುದಲ್ಲ, ಮಿಡಿಯುವುದು. ಹದಿನೆಂಟು ವರ್ಷದಲ್ಲಿ ಎಷ್ಟು ಪೈಪು ಮುಟ್ಟಿದ್ದೇನೋ, ಎಲ್ಲವೂ ತಣ್ಣಗೆ. ಇದು ಬಿಸಿಯಾಗಿತ್ತು.

"ನಿಂತ ಮೇಲೆ ಹೇಳಿ" ಅಂದರು.

ಕೋಣೆಯಲ್ಲಿ ಎಲ್ಲರೂ ನನ್ನ ಬೆರಳನ್ನು ಕಾದು ನಿಂತರು. ಒಂದು ನಿಮಿಷ ಕಳೆದಿರಬೇಕು, ಎರಡೂ ಇರಬಹುದು. ಮಗಳ ಬಣ್ಣ ತಿರುಗತೊಡಗಿತು, ಪಾದದವರೆಗೂ ಕೆಂಪೇರಿದಳು. ಮಿಡಿತ ನಿಧಾನವಾಯಿತು, ಇನ್ನೂ ನಿಧಾನವಾಯಿತು. "ಸಾಕಾಯ್ತು. ತುಂಬಿತು" ಅಂದೆ. ಕತ್ತರಿಯನ್ನು ನನ್ನ ಕೈಗೇ ಕೊಟ್ಟರು.

ಏಪ್ರಿಲ್ 18, ಗುರುವಾರ

ಎರಡು ಕೇಜಿ ನೂರು ಗ್ರಾಂ. ಉಸಿರಾಟ ಚೆನ್ನಾಗಿದೆ. ಆದರೆ ಮೈ ಬೇಗ ತಣ್ಣಗಾಗುತ್ತದೆ. ಅಮ್ಮ ಮಲಗುವಾಗ ಅಪ್ಪ ಎದೆಗೆ ಹಾಕಿಕೊಳ್ಳಬೇಕು, ಮೈಗೆ ಮೈ ತಾಗಬೇಕು ಎಂದು ನರ್ಸ್ ನನ್ನ ಅಂಗಿ ಬಿಚ್ಚಿಸಿದರು. ಅತ್ತೆ ಕಿಟಕಿಯ ಕಡೆ ತಿರುಗಿಕೊಂಡರು.

ಮೂರು ಗಂಟೆ ಕೂತಿದ್ದೆ. ಮೂಗು ತುರಿಸಿತು, ತುರಿಸಿಕೊಳ್ಳಲಿಲ್ಲ.

ಪೆಟ್ಟಿಗೆ ಮೇಡಂ ಫೋನ್ ಮಾಡಿದ್ದರು. ಚೀಲದಲ್ಲಿ ಸಿಕ್ಕಿದ್ದು ಎರಡು ಚಮಚದಷ್ಟು. ಆಸ್ಪತ್ರೆಯಿಂದ ಹೇಳಿದರಂತೆ. ಇಡಲು ಸಾಲದು, ಕಳಿಸುವುದು ಬೇಡ. ಅಳುಕುತ್ತಲೇ ಹೇಳಿದರು ಪಾಪ. "ಪರವಾಗಿಲ್ಲ ಮೇಡಂ, ಮಿಕ್ಕಿದ್ದು ಇಲ್ಲೇ ಇದೆ" ಎಂದು ಪಿಸುಗುಟ್ಟಿದೆ. ಮಲಗಿದ್ದಳಲ್ಲ, ಜೋರಾಗಿ ಹೇಳುವ ಹಾಗಿರಲಿಲ್ಲ.

ಏಪ್ರಿಲ್ 27, ಶನಿವಾರ

ಮನೆಗೆ ಬಂದೆವು. ನಾನೇ ಓಡಿಸಿದೆ. ಹೆಂಡತಿ ದಾರಿಯುದ್ದಕ್ಕೂ ಒಂದು ಸಲವೂ ಬ್ರೇಕ್ ಒತ್ತಲಿಲ್ಲ. ಪಾಸ್ ಅಂದಳು. ಅತ್ತೆಯ ಕಪಾಟನ್ನು ಅತ್ತೆಗೆ ಬಿಟ್ಟುಕೊಟ್ಟೆ. ಆಸ್ಪತ್ರೆಯಿಂದ ಹಿಂದೆ ತಂದ ಪೆಟ್ಟಿಗೆಯಲ್ಲಿ ಈಗ ಕಾಲುಚೀಲ, ಟೋಪಿ, ಲಂಗೋಟಿ.

ಮೇ 8, ಬುಧವಾರ

ನಿದ್ದೆ ಇಲ್ಲ. ಬರೆಯಲು ಪುರುಸೊತ್ತಿಲ್ಲ. ಆಕಳಿಸಿದಳು. ಅದನ್ನು ಬರೆದಿಡಬೇಕು ಅನ್ನಿಸಿತು.

ಮೇ 20, ಸೋಮವಾರ

ಲೆಕ್ಕದ ಪ್ರಕಾರ ಇವತ್ತು ಹುಟ್ಟಬೇಕಿತ್ತು. ಹುಟ್ಟಿ ಐದು ವಾರವಾಗಿ, ಮೂರು ಕೇಜಿ ದಾಟಿ, ನನ್ನ ಎದೆಯ ಮೇಲೆ ಬಾಯಿ ತೆರೆದು ಮಲಗಿದ್ದಾಳೆ. ಡೈರಿಯನ್ನು ಅವಳ ಬೆನ್ನಿಗೆ ತಾಗದ ಹಾಗೆ ಓರೆಯಾಗಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದೆ.

ಬೆಳಿಗ್ಗೆ ಡಾಕ್ಟರಮ್ಮ ನೋಡಿ, "ಇನ್ನು ಎದೆ ಮೇಲೆ ಹಾಕ್ಕೊಂಡೇ ಇರ್ಬೇಕಾಗಿಲ್ಲ. ತನ್ನ ಬಿಸಿ ತಾನೇ ಕಾಪಾಡ್ಕೊಳ್ತಾಳೆ" ಅಂದರು. ಆಗಲಿ ಅಂದೆ. ಮನೆಗೆ ಬಂದು ಅಂಗಿ ಬಿಚ್ಚಿ ಕೂತೆ.

"ಡಾಕ್ಟರ್ ಬೇಡ ಅಂದ್ರಲ್ಲ" ಅಂದಳು ಹೆಂಡತಿ.

"ಬೇಕಾಗಿಲ್ಲ ಅಂದ್ರು. ಬೇಡ ಅನ್ನಲಿಲ್ಲ."

"ಅಳಿಯಂದಿರು ಈಗ ಸಣ್ಣಕ್ಷರಾನೂ ಓದ್ತಾರೆ" ಅಂದರು ಅತ್ತೆ.

ಮಧ್ಯಾಹ್ನ ಮಗಳಿಗೆ ನನ್ನ ತಂಗಿಯ ಕಥೆ ಹೇಳಿದೆ. ನಿನಗೊಬ್ಬಳು ಅತ್ತೆ ಇದ್ದಳು, ನಿನ್ನಪ್ಪನ ಮುಖಕ್ಕೆ ಐಸ್ ನೀರು ಎರಚುತ್ತಿದ್ದಳು ಎಂದೆ. ಐಸ್ ಓಡಿ ತರುತ್ತಿದ್ದದ್ದನ್ನು ಹೇಳುವಾಗ ಮಗಳ ಟೋಪಿಯನ್ನು ಎರಡು ಸಲ ಸರಿಮಾಡಿದೆ. ಎರಚುತ್ತಿದ್ದದ್ದನ್ನು ಹೇಳುವಾಗ ನಗು ಬಂತು. ಆ ಕುಲುಕಾಟಕ್ಕೆ ಅವಳು ಎಚ್ಚರಗೊಂಡು ನನ್ನ ಎದೆಯ ಮೇಲೆ ಎಲ್ಲವನ್ನೂ ಕಕ್ಕಿದಳು. ಒಂದೇ ಕುಟುಂಬದವರೆನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಮತ್ತೆ ಮಲಗಿದ್ದಾಳೆ. ಬೆನ್ನಿನ ಮೇಲೆ ಎರಡು ಬೆರಳಿಟ್ಟಿದ್ದೇನೆ. ಒಳಗೆ ಓಡುತ್ತಿದೆ.

ಮಗಳು 36.8. ಹೊರಗೆ ಎಷ್ಟಿದೆಯೋ, ನೋಡಲಿಲ್ಲ.